ಎಸ್ತರಮ್ಮನ ಹೆಸರಿನ ಕಲ್ಲು

ಪರದೆ ಇದ್ದ ಹಾಗೇ ಇತ್ತು. ಅದರ ಹಿಂದಿದ್ದ ಕಲ್ಲು ಮಾತ್ರ ಇರಲಿಲ್ಲ.

ಜಯಲಕ್ಷ್ಮಿಪುರಂನ ಆ ಪುಟ್ಟ ಚರ್ಚಿನ ಮೊಗಸಾಲೆಯಲ್ಲಿ ಮೂರು ಕಂಬಗಳು. ಒಂದೊಂದು ಕಂಬಕ್ಕೂ ಒಂದು ಅಮೃತಶಿಲೆಯ ಫಲಕ, ಅದರ ಮೇಲೆ ಸಭೆಯ ಆಧಾರಸ್ತಂಭ ಎನಿಸಿಕೊಂಡ ಒಬ್ಬರ ಹೆಸರು. ಭಾನುವಾರ ಅನಾವರಣ. ಶನಿವಾರ ಬೆಳಿಗ್ಗೆ ನೋಡಿದರೆ ಎಸ್ತರಮ್ಮನ ಹೆಸರಿದ್ದ ಮೂರನೆಯ ಫಲಕ ಮಾಯ.

ಕಾರ್ಯದರ್ಶಿ ಜಯವಂತನ ಲೆಕ್ಕದಲ್ಲಿ ಕಳ್ಳ ಆಗಲೇ ಸಿಕ್ಕಿಬಿದ್ದಿದ್ದ. ಹಿಂದಿನ ಸಂಜೆ ಕಂಬಗಳಿಗೆ ಬಣ್ಣ ಬಳಿದು ಕೊನೆಯಲ್ಲಿ ಹೋದವನು ಕಾವಲುಗಾರ ಸುನಿಲ್. ಮಧ್ಯಾಹ್ನದೊಳಗೆ ಕಲ್ಲು ಬರದಿದ್ದರೆ ಅವನಿಗೆ ಕೆಲಸವಿಲ್ಲ, ಚರ್ಚಿನವರು ಕೊಟ್ಟ ಮನೆಯಿಲ್ಲ, ಮೇಲೆ ಪೊಲೀಸ್ ಕಂಪ್ಲೇಂಟು ಬೇರೆ. ಸುನಿಲನ ಹೆಂಡತಿ ತುಂಬು ಬಸುರಿ. ಅವನು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಶಾರದಮ್ಮ ಅಲ್ಲಿಗೆ ಬಂದದ್ದು ಗ್ರೀಕ್ ಪಾಠಕ್ಕೆ. ನಿವೃತ್ತ ಸಂಸ್ಕೃತ ಅಧ್ಯಾಪಕಿ. ಪಾಸ್ಟರ್ ಸತ್ಯಮಿತ್ರರಿಗೆ ಅವರು ಸಂಸ್ಕೃತ ಹೇಳಿಕೊಡುತ್ತಿದ್ದರು, ಪಾಸ್ಟರ್ ಅವರಿಗೆ ಗ್ರೀಕ್. ಒಬ್ಬರ ಉಚ್ಚಾರಣೆಗೆ ಇನ್ನೊಬ್ಬರು ನಗುವುದರಲ್ಲೇ ಪಾಠ ಅರ್ಧ ಮುಗಿಯುತ್ತಿತ್ತು. ಆದರೆ ಬೀದಿಯಲ್ಲಿ ಹಾಲಿನ ಪ್ಯಾಕೆಟ್ ಕಾಣೆಯಾದರೂ ಪತ್ತೆ ಹಚ್ಚುವ ತನಕ ಶಾರದಮ್ಮನಿಗೆ ಊಟ ಸೇರದು. ಇನ್ನು ಇದನ್ನು ಬಿಟ್ಟಾರೆಯೇ?

"ನಾನ್ಯಾಕಮ್ಮ ಕದೀಲಿ? ಎಸ್ತರಮ್ಮಾರು ಹುಷಾರಾಗಿದ್ದಾಗ ನಮ್ಮನೆಯವಳಿಗೆ ದಿನಾ ಬಸ್ಸಾರು ಕಳಿಸೋರು" ಎಂದ ಸುನಿಲ್.

ಶಾರದಮ್ಮ ಅವನ ಬೆನ್ನು ತಟ್ಟಿದರು.

* * *

ಮೊದಲ ಗುಮಾನಿ ಕಂಟ್ರಾಕ್ಟರ್ ಅಮರೇಶ್ ಮೇಲೆ. ಮೊಗಸಾಲೆ ಕಟ್ಟಿದ ತನ್ನ ಹೆಸರನ್ನು ಎಲ್ಲೂ ಹಾಕಲಿಲ್ಲವೆಂದು ಅವನು ಮುನಿಸಿಕೊಂಡಿದ್ದ. ಶಾರದಮ್ಮ ಫೋನ್ ಮಾಡಿದರೆ ಹಿಂದೆ ವಾಲಗದ ಸದ್ದು. ಎರಡು ದಿನದಿಂದ ನಂಜನಗೂಡಿನಲ್ಲಿ ಮಗಳ ಮದುವೆಯ ಓಡಾಟದಲ್ಲಿದ್ದ. ಇವರನ್ನೂ ಊಟಕ್ಕೆ ಕರೆದ.

ಶಾರದಮ್ಮ ಕಂಬದ ಹತ್ತಿರ ಹೋಗಿ ಬಗ್ಗಿದರು. ಬಿಚ್ಚಿದ ನಾಲ್ಕೂ ಸ್ಕ್ರೂಗಳನ್ನು ಅವುಗಳ ತೂತಿಗೇ ಮತ್ತೆ ತಿರುಗಿಸಿಟ್ಟಿದ್ದರು.

"ಕಲ್ಲು ಕದಿಯೋನಿಗೆ ಸ್ಕ್ರೂ ಕಳೆದೋದೀತು ಅನ್ನೋ ಚಿಂತೆ ಯಾಕೆ, ಪಾಸ್ಟರೇ?"

ಶಾರದಮ್ಮ ಉಳಿದ ಎರಡು ಫಲಕಗಳ ಪರದೆ ಸರಿಸಿದರು. ಮೇಲೆ ಶಿಲುಬೆ, ಕೆಳಗೆ ಹೆಸರು, ಹುಟ್ಟಿದ ವರ್ಷ, ಒಂದು ಗೀಟು, ತೀರಿಕೊಂಡ ವರ್ಷ. ಮೂರನೆಯ ಫಲಕದ ಫೋಟೊ ಜಯವಂತನ ಮೊಬೈಲಿನಲ್ಲಿತ್ತು. ಅದರಲ್ಲೂ ಶಿಲುಬೆ, ಹೆಸರು, ಹುಟ್ಟಿದ ವರ್ಷ, ಗೀಟು. ಗೀಟಿನ ಮುಂದೆ ಖಾಲಿ ಜಾಗ.

ಕೆತ್ತಿದವನು ಮಹದೇವು ಎಂದು ಜಯವಂತ ಹೇಳಿದ. ಸಭೆಯವರ ಸಮಾಧಿ ಕಲ್ಲುಗಳೆಲ್ಲ ಅವನ ಕೈಯವೇ. ಗಂಡ ಹೆಂಡತಿಗೆ ಒಂದೇ ಕಲ್ಲು ಮಾಡುವಾಗ ಬದುಕಿರುವವರ ಹೆಸರಿನ ಮುಂದೆ ಹಾಗೆ ಜಾಗ ಬಿಡುವುದು ಅವನ ರೂಢಿ.

ಶಾರದಮ್ಮ ಫೋಟೊದ ಆ ಖಾಲಿ ಜಾಗವನ್ನು ಮತ್ತೊಮ್ಮೆ ನೋಡಿದರು. ಎಸ್ತರಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇನ್ನೂ ಒಂದು ವಾರವಾಗಿತ್ತಷ್ಟೆ.

"ಈ ಚರ್ಚಿನ ಬೆಂಚುಗಳನ್ನ ಮಾಡಿದ್ದು ಯಾರು?"

"ದಾನಿಯೇಲಪ್ಪ. ಎಸ್ತರಮ್ಮನ ಯಜಮಾನ್ರು" ಎಂದರು ಪಾಸ್ಟರ್. ಹೇಳುತ್ತಿದ್ದ ಹಾಗೇ ಅವರ ಮುಖ ಸಣ್ಣಗಾಯಿತು.

* * *

ದಾನಿಯೇಲಪ್ಪನ ಮನೆ ಎದುರಿಗೇ. ಎಸ್ತರಮ್ಮ ಒಳಗೆ ಮಲಗಿದ್ದರು. ಮುದುಕ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ.

ಶಾರದಮ್ಮ ದನಿ ತಗ್ಗಿಸಿ ಎಲ್ಲ ಬಿಡಿಸಿ ಹೇಳಿದರು. ಬಿಚ್ಚಿದ ಸ್ಕ್ರೂವನ್ನು ಅದರ ತೂತಿಗೇ ಇಡುವುದು ಬಡಗಿಯ ಅಭ್ಯಾಸ. ಮೂರರಲ್ಲಿ ಬದುಕಿರುವವರ ಕಲ್ಲು ಒಂದೇ, ಹೋದದ್ದೂ ಅದೇ. ಹೊಟ್ಟೆಕಿಚ್ಚಿಗೆ ತೆಗೆದವರಾಗಿದ್ದರೆ ಒಡೆದು ಹಾಕುತ್ತಿದ್ದರು. ಇದು ಆ ಕಲ್ಲನ್ನು ನೋಡಲಾರದವರ ಕೆಲಸ. ಸುನಿಲನ ಮೇಲೆ ಅಪವಾದ ಬಂದಿರುವುದನ್ನೂ ತಿಳಿಸಿದರು.

ಅದು ಮುದುಕನಿಗೆ ಗೊತ್ತಿರಲಿಲ್ಲ. ಜಗಲಿಯಿಂದ ಧಡಕ್ಕನೆ ಎದ್ದ.

"ಪಾಸ್ಟರು ಓದ್ವಾರ ಏಳಿದ್ರು. ಗೆದ್ದೋರ್ನ ದೇವ್ರು ತನ್ನ ಆಲಯದಾಗೆ ಕಂಬ ಮಾಡಿ ನಿಲ್ಲುಸ್ತಾನೆ, ಅವ್ರು ಮತ್ತೆ ಆಚೆ ಬರೋದೇ ಇಲ್ಲ ಅಂತ. ಅದಾದ್ಮೇಲೆ ಈ ಕಲ್ಲು ಬಂತು, ಸಾಯೋ ವರ್ಸಕ್ಕೆ ಜಾಗ ಬುಟ್ಕಂಡು. ಇವ್ಳು ಆಚೆ ಬರ್ದೇ ಓದ್ರೆ ನಾನೇನ್ ಮಾಡ್ಲವ್ವ?"

ಪಾಸ್ಟರ್ ಅವನ ಎರಡೂ ಕೈ ಹಿಡಿದುಕೊಂಡರು.

"ಆ ಮಾತಿಗೆ ಇನ್ನೊಂದು ಅರ್ಧ ಇದೆ, ದಾನಿಯೇಲಪ್ಪ. ನಾನು ಅದನ್ನ ಹೇಳಲಿಲ್ಲ. ಗ್ರೀಕ್‌ನಲ್ಲಿ ಕಂಬಕ್ಕೆ ಸ್ಟೂಲೋಸ್ ಅಂತಾರೆ. ಪೌಲ ತನ್ನ ಪತ್ರದಲ್ಲಿ ಯಾಕೋಬ, ಪೇತ್ರ, ಯೋಹಾನರಿಗೆ ಅದೇ ಪದ ಬಳಸಿದ್ದಾನೆ. ಆಗ ಮೂವರೂ ಬದುಕಿದ್ರು. ಪೌಲ ಅವರ ಕೈ ಹಿಡಿದ, ಆಮೇಲೆ ಪೇತ್ರನ ಹತ್ರ ಜಗಳಾನೂ ಆಡ್ದ. ಕಲ್ಲಿನ ಕಂಬದ ಹತ್ರ ಯಾರು ಜಗಳ ಆಡ್ತಾರೆ? ಜನರ ಭಾರ ಹೊತ್ಕೊಂಡು ಓಡಾಡೋರಿಗೇ ಆ ಹೆಸರು."

* * *

ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದ ಕಲ್ಲನ್ನು ದಾನಿಯೇಲಪ್ಪ ತಾನೇ ಹೊತ್ತು ರಸ್ತೆ ದಾಟಿದ. ಸದ್ದಿಗೆ ಎದ್ದ ಎಸ್ತರಮ್ಮ ಶಾರದಮ್ಮನ ತೋಳು ಹಿಡಿದು ಹಿಂದೆಯೇ ಬಂದರು.

"ಕದ್ದೋನು ನಾನು ಕಣಪ್ಪ. ಆ ಉಡುಗನ್ನ ಬುಟ್ಬುಡು" ಎಂದ ದಾನಿಯೇಲಪ್ಪ ಜಯವಂತನಿಗೆ.

ಜಯವಂತನ ಮುಖ ಕೆಂಪಾಯಿತು. ಸುನಿಲನ ಬಳಿ ಹೋಗಿ ತಪ್ಪಾಯಿತೆಂದು ಎಲ್ಲರೆದುರೂ ಹೇಳಿದ. ಆಮೇಲೆ, ನಾಳೆ ಆ ಕಂಬಕ್ಕೆ ಏನು ಹಾಕುವುದೆಂದು ಮೆಲ್ಲಗೆ ಕೇಳಿದ.

ದಾನಿಯೇಲಪ್ಪ ಏನೂ ಬೇಡವೆಂದು ತಲೆಯಾಡಿಸಿ ಹೆಂಡತಿಯ ಕಡೆ ತಿರುಗಿದ. ಮದುವೆಯಾದಾಗಿನಿಂದ ನಾಲ್ಕು ಜನರೆದುರು ಅವನು ಅವಳನ್ನು ಕರೆಯುತ್ತಿದ್ದುದು 'ಇವಳೇ' ಎಂದಷ್ಟೆ. ಹೆಸರು ಹಿಡಿದು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ.

"ಎಸ್ತರ್" ಎಂದ.

"ಇಲ್ಲೇ ಇವ್ನಿ ಕಣ್ರೀ" ಎಂದರು ಎಸ್ತರಮ್ಮ.