ಗಂಟಣ್ಣನ ಗಂಟು

ಶವಾಗಾರದ ಸಿಬ್ಬಂದಿಯ ಮೇಲ್ವಿಚಾರಕ ನಾನು, ದೆವ್ವಗಿವ್ವ ನಂಬುವವನಲ್ಲ. ಹೆಣದ ಕಾಲ್ಬೆರಳಿಗೆ ಹೆಸರಿನ ಚೀಟಿಯನ್ನು ಮೂರು ಸುತ್ತಿನ ವಿಚಿತ್ರ ಗಂಟು ಹಾಕಿ ಕಟ್ಟುತ್ತಿದ್ದ ನಮ್ಮ ಹಿರಿಯ ಸಹಾಯಕರನ್ನು ಎಲ್ಲರೂ ಗಂಟಣ್ಣ ಎನ್ನುತ್ತಿದ್ದೆವು. "ಚೀಟಿ ತಪ್ಪಿದ್ರೆ ಯಾರದೋ ಅಪ್ಪನ ಮುಂದೆ ಇನ್ಯಾರೋ ಅಳ್ತಾರೆ ಸಾರ್," ಅನ್ನುತ್ತಿದ್ದರು. ಅವರು ತೀರಿಹೋಗಿ ತಿಂಗಳಾಗಿತ್ತು.

ಅಂದು ಮಧ್ಯಾಹ್ನ ಅವಸರದಲ್ಲಿ ಇಬ್ಬರು ಮುದುಕರಿಗೆ ನಾನೇ ಚೀಟಿ ಕಟ್ಟಿ, ಫ್ರೀಜರಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದೆ. ಆಮೇಲೆ ಕಡತದಲ್ಲಿದ್ದ ಅವರಿಬ್ಬರ ಫೋಟೊ ನೋಡಿದಾಗ ಗೊತ್ತಾಯಿತು: ಚೀಟಿಗಳನ್ನು ಅದಲುಬದಲು ಮಾಡಿದ್ದೆ! ಹೊರಗೆ ಒಬ್ಬರ ಮಗಳು ಕಾಯುತ್ತಿದ್ದಳು. ಓಡಿಹೋಗಿ ಬೀಗ ತೆಗೆದೆ. ಚೀಟಿಗಳು ಸರಿಯಾಗಿದ್ದವು. ಆ ಕೊರೆಯುವ ಚಳಿಯಲ್ಲೂ ದಾರ ಬೆಚ್ಚಗಿತ್ತು.

"ಹೌದು, ನಮ್ಮಪ್ಪನೇ," ಎಂದು ಮಗಳು ಕೈಮುಗಿದಳು. ನಾನೂ ಮುಗಿದೆ, ಗಂಟಣ್ಣನಿಗೆ. ದಾರದ ಗಂಟು ಮೂರು ಸುತ್ತಿನದು. ಅದನ್ನು ಹಾಕುವುದನ್ನು ಅವರು ನಮಗ್ಯಾರಿಗೂ ಕಲಿಸಿರಲಿಲ್ಲ.