ಆರನೇ ವಿಮಾನದ ಹಿಂದಿನ ಸೀಟು

ಸುಯ್ಯ್...

ಸೂಜಿಯ ಮೊನೆಯಷ್ಟು ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ ದಾಟಿತ್ತು. ಆದರೂ ಐಸ್‌ಲ್ಯಾಂಡಿನ ಜೂನ್ ತಿಂಗಳಲ್ಲವೇ, ಕೆಫ್ಲಾವಿಕ್ ನಿಲ್ದಾಣದ ಹ್ಯಾಂಗರಿನ ಕಿಟಕಿಗಳಲ್ಲಿ ಬೆಳಕು ಇನ್ನೂ ಆರಿರಲಿಲ್ಲ. ತನ್ನ ವಿಮಾನದ ಮುಚ್ಚಳಗಳನ್ನು ಮೂರನೇ ಸಲ ಮುಟ್ಟಿ ನೋಡಿ ಹೊರಟಿದ್ದ ಮೊರ್ವೆನ್ನಾ ಟ್ರೆಗಿಯರ್ ನಿಂತುಬಿಟ್ಟಳು.

ಅದು ಗಾಳಿ ಸೋರುವ ಸದ್ದು. ಹತ್ತು ವರ್ಷದಿಂದ ಜೆಟ್ ವಿಮಾನಗಳ ರಿಪೇರಿ ಮಾಡಿದವಳಿಗೆ ಅಷ್ಟು ತಿಳಿಯದೇ? ಆದರೆ ಸದ್ದು ಬರುತ್ತಿದ್ದದ್ದು ವಿಮಾನದಿಂದಲ್ಲ, ಮೂಲೆಯ ಕೋಣೆಯಿಂದ.

ಬಾಗಿಲು ತಳ್ಳಿದಳು.

ಮೇಜಿನ ಮೇಲೆ, ತಲೆಯಿಲ್ಲದ ಮನುಷ್ಯನಂತೆ, ಗಾಳಿ ತುಂಬಿ ಉಬ್ಬಿದ, ನೀರು ಒಳಬಿಡದ ಕಡಲ ಸೂಟ್ ಮಲಗಿತ್ತು. ಫರ್ಗಸ್ ಮೌಟ್ ಅದರ ಕೊರಳಿಗೆ ಸೋಪಿನ ನೀರು ಬಳಿಯುತ್ತಿದ್ದ. ಬಲಗಡೆ, ಕಿವಿಯ ಕೆಳಗೆ ಬರುವ ಜಾಗದಲ್ಲಿ, ಒಂದೊಂದೇ ಗುಳ್ಳೆ ಹುಟ್ಟಿ ಒಡೆಯುತ್ತಿತ್ತು.

ಸೂಟಿನ ಎದೆಯ ಮೇಲೆ ಹೊಲಿದಿದ್ದ ಹೆಸರು ಅವಳದೇ.

"ಅದು ನನ್ನ ಸೂಟ್," ಎಂದಳು.

"ಗೊತ್ತು." ಅವನು ತಲೆಯೆತ್ತಲಿಲ್ಲ.

"ಇವತ್ತು ಬೆಳಿಗ್ಗೆ ಸ್ಕಾಟ್ಲೆಂಡಿಂದ ಇದನ್ನೇ ಹಾಕ್ಕೊಂಡು ಬಂದೆ. ಏನೂ ಆಗಿರಲಿಲ್ಲ."

"ನೀರಿಗೆ ಬೀಳಲಿಲ್ಲ, ಅದಕ್ಕೆ ಏನೂ ಆಗಲಿಲ್ಲ."

ಜೇಬಿನಿಂದ ಒಂದು ಕೆಂಪು ಚೀಟಿ ತೆಗೆದು ಸೂಟಿನ ಜಿಪ್ಪಿಗೆ ಕಟ್ಟಿದ. ಕೆಂಪು ಚೀಟಿ ಬಿದ್ದ ಸೂಟನ್ನು ಯಾರೂ ತೊಡುವಂತಿಲ್ಲ. ಸೂಟ್ ಇಲ್ಲದವರು ಜೆಟ್ ಹತ್ತುವಂತಿಲ್ಲ. ಅಷ್ಟೇ... ಏಳು ವರ್ಷ ಕಾದದ್ದು ಒಂದು ದಾರದ ಗಂಟಿನಲ್ಲಿ ಮುಗಿದುಹೋಯಿತು.

ಅವಳು ಚೀಟಿಯಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಮಾರ್ಚ್ ತಿಂಗಳ ಸೇಡು ಈಗ ತೀರಿಸ್ಕೊಂಡ್ರಾ, ಕಾರ್ಪೋರಲ್ ಮೌಟ್?"

ಅವನು ಬ್ರಷ್ ಎತ್ತಿ ಮತ್ತೆ ಸೋಪಿನ ನೀರಿಗೆ ಅದ್ದಿದ. ಅವಳು ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟಳು.

ಅವರದು ಒಂಬತ್ತು ನೀಲಿ ಜೆಟ್‌ಗಳ ಪ್ರದರ್ಶನ ತಂಡ. ಬೇಸಿಗೆಯಿಡೀ ಬ್ರಿಟನ್ನಿನ ಆಕಾಶದಲ್ಲಿ ಬಣ್ಣದ ಹೊಗೆ ಬಿಟ್ಟು ಜನರನ್ನು ಬೆರಗಾಗಿಸುವ ತಂಡ. ಈ ವರ್ಷ ಕೆನಡಾದಿಂದ ಕರೆ ಬಂದಿತ್ತು. ಆದರೆ ಆ ಪುಟ್ಟ ಜೆಟ್‌ಗಳು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳಲಾರವು. ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತೆ ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡ್, ಅಲ್ಲಿಂದ ಗ್ರೀನ್‌ಲ್ಯಾಂಡ್, ಅಲ್ಲಿಂದ ಕೆನಡಾ... ಹಾಗೆ ಅಟ್ಲಾಂಟಿಕ್ ದಾಟಬೇಕು. ಕಲ್ಲು ಮತ್ತು ಕಲ್ಲಿನ ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಮಂಜುಗಡ್ಡೆ ತೇಲುವ ನೀರು. ಆ ನೀರಿನಲ್ಲಿ ಬರೀ ಬಟ್ಟೆಯಲ್ಲಿ ಬಿದ್ದವರಿಗೆ ಇರುವುದು ಕೆಲವೇ ನಿಮಿಷ.

ಪ್ರತಿ ಪೈಲಟ್ಟಿನ ಬೆನ್ನಿಗೆ ಒಬ್ಬ ಮೆಕ್ಯಾನಿಕ್. ಹಿಂದಿನ ಸೀಟಿನಲ್ಲಿ ಕೂತು ಜೊತೆಗೇ ಹಾರಿ, ಇಳಿದ ಕೂಡಲೇ ಇಂಧನ ತುಂಬಿಸಿ, ಎಂಜಿನ್ ನೋಡಿ, ಮತ್ತೆ ಹತ್ತಬೇಕು. ಆರನೇ ವಿಮಾನದ ಆ ಸೀಟು ಮೊರ್ವೆನ್ನಾಳದು. ವರ್ಷಕ್ಕೊಂದರಂತೆ ಏಳು ಸಲ ಅರ್ಜಿ ಹಾಕಿ ಪಡೆದ ಸೀಟು.

ಸೂಟುಗಳನ್ನು ನೋಡಿಕೊಳ್ಳುವವನು ಫರ್ಗಸ್. ಶೆಟ್‌ಲ್ಯಾಂಡ್ ದ್ವೀಪದವನು, ಮಾತು ಕಡಿಮೆ. ಚಳಿಗಾಲವಿಡೀ ಲಿಂಕನ್‌ಶೈರಿನ ತಮ್ಮ ನೆಲೆಯ ಕ್ಯಾಂಟೀನಿನಲ್ಲಿ ಅವಳ ಎದುರಿಗೇ ಕೂತು ಚಹಾ ಕುಡಿದವನು, ಅವಳ ಸ್ಯಾಂಡ್‌ವಿಚ್ಚಿನ ಅಂಚನ್ನು ಕೇಳದೆಯೇ ಎತ್ತಿಕೊಂಡು ತಿಂದವನು, ಮಾರ್ಚಿನಲ್ಲೊಂದು ದಿನ ಇದ್ದಕ್ಕಿದ್ದಂತೆ ಹೇಳಿದ್ದ: "ಈ ಸಲ ನೀನು ಹೋಗ್ಬೇಡ, ವೆನ್ನಾ."

ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು. "ನಿನ್ನ ಹೆದರಿಕೆನ ನಿನ್ನ ಪೆಟ್ಟಿಗೆಯಲ್ಲೇ ಇಟ್ಕೋ," ಎಂದು ಎಲ್ಲರೆದುರು ಹೇಳಿ ಎದ್ದುಬಂದಿದ್ದಳು. ಅಂದಿನಿಂದ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ತಮ್ಮ ಮೇಲಧಿಕಾರಿ, ವಾರಂಟ್ ಆಫೀಸರ್ ಪ್ರಾಥೆರೋ ಅವರ ಬಳಿ ಹೋಗಿ ದೂರು ಕೊಡುವುದೇ ಸರಿ ಎಂದುಕೊಂಡಳು. ಏನು ಹೇಳಬೇಕು, ಯಾವ ಪದದಿಂದ ಶುರುಮಾಡಬೇಕು ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದಳು. ಯೋಚಿಸುತ್ತಿದ್ದಂತೆ ಬೆರಳು ತಾನಾಗಿ ಕೊರಳಿಗೆ ಹೋಯಿತು. ಬಲಗಡೆ, ಕಿವಿಯ ಕೆಳಗೆ...

ಬೆರಳು ಅಲ್ಲೇ ಉಳಿಯಿತು.

ನೆನಪಾಯಿತು, ಹೋದ ಮೇ ತಿಂಗಳು. ಹೊಸ ಸೂಟಿನ ರಬ್ಬರ್ ಕೊರಳಪಟ್ಟಿ ಉಸಿರು ಕಟ್ಟಿಸುವಷ್ಟು ಬಿಗಿ. ಕೊರಳ ಸುತ್ತ ಕೆಂಪು ಬರೆ ಬೀಳುತ್ತಿತ್ತು. ಪಟ್ಟಿಯನ್ನು ಕತ್ತರಿಸಿ ಅಳತೆಗೆ ತರುವ ಅಧಿಕಾರ ಫರ್ಗಸ್‌ನ ವಿಭಾಗಕ್ಕೆ ಮಾತ್ರ. ಆದರೆ ಅವನ ಹತ್ತಿರ ಹೋಗಿ ಕೇಳುವುದೇ? ಅವನೆದುರು ಕೊರಳೊಡ್ಡಿ ನಿಲ್ಲುವುದೇ? ಬೇಡವೇ ಬೇಡ ಎಂದು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ತಾನೇ ಕೂದಲೆಳೆಯಷ್ಟು ಅಂಚು ತೆಗೆದಿದ್ದಳು. ಕೊನೆಯಲ್ಲಿ ಕತ್ತರಿ ಒಂದಿಷ್ಟು ಜಾರಿತ್ತು. ಏನೂ ಆಗುವುದಿಲ್ಲ ಅನ್ನಿಸಿತ್ತು.

ರಬ್ಬರಿನಲ್ಲಿ ಬಿದ್ದ ಕಚ್ಚು ನಿಂತಲ್ಲಿ ನಿಲ್ಲುವುದಿಲ್ಲ, ಎಳೆದಷ್ಟೂ ಓಡುತ್ತದೆ. ಅದು ಮೆಕ್ಯಾನಿಕ್ ಆದ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು... ಬಿಂಕಕ್ಕೆ ಗೊತ್ತಿರಲಿಲ್ಲ.

ಬೆಳಿಗ್ಗೆ ಏಳಕ್ಕೇ ಓಡಿದಳು. ಫರ್ಗಸ್ ಕುರ್ಚಿಯಲ್ಲೇ, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಬೆರಳುಗಳಿಗೆಲ್ಲ ಅಂಟು ಮೆತ್ತಿತ್ತು. ಮೇಜಿನ ಮೇಲೆ ಅವಳ ಸೂಟ್, ಅದರ ಕೊರಳಿಗೆ ಹೊಚ್ಚಹೊಸ ಪಟ್ಟಿ. ಪಕ್ಕದ ಕಾಗದದಲ್ಲಿ ಅವನ ದುಂಡಗಿನ ಅಕ್ಷರ: "ಅಂಟು ಹಾಕಿದ್ದು ಒಂದೂವರೆಗೆ. ಮುಂದಿನ ಹನ್ನೆರಡು ತಾಸು ಮುಟ್ಟಬಾರದು."

ಕೆಂಪು ಚೀಟಿಯನ್ನು ತಿರುಗಿಸಿ ಓದಿದಳು. ಕಾರಣ ಎಂಬಲ್ಲಿ ಬರೆದಿತ್ತು: "ರಬ್ಬರ್ ಕೆಟ್ಟು ಬಿರುಕು."

ಹಳೆಯ ಪಟ್ಟಿ ಕಸದ ಡಬ್ಬಿಯಲ್ಲಿ ಬಿದ್ದಿತ್ತು. ಕತ್ತರಿ ಆಡಿದ ಗುರುತು ಕುರುಡನಿಗೂ ಬೆರಳಲ್ಲಿ ಸಿಗುವಂತಿತ್ತು. ಅವನಿಗೆ ಕಾಣದೇ ಇರುತ್ತದೆಯೇ? ಅವನು ನೋಡಿದ್ದಾನೆ, ಯಾರ ಕೈಕೆಲಸವೆಂದೂ ಊಹಿಸಿದ್ದಾನೆ... ನೋಡಿಯೂ ಹೀಗೆ ಬರೆದಿದ್ದಾನೆ. ದಾಖಲೆಯಲ್ಲಿ ಒಂದು ಚುಕ್ಕಿಯನ್ನೂ ತಪ್ಪು ಇಡದ ಮನುಷ್ಯ. ಸೂಟ್ ಕತ್ತರಿಸಿದವಳು ತಂಡದಲ್ಲಿ ಉಳಿಯುವುದೇ ಕಷ್ಟ ಎಂಬುದು ಅವನಿಗೂ ಗೊತ್ತಿತ್ತು.

ರಾತ್ರಿ ಅವನಿಗೆ ತಾನು ಹೇಳಿದ್ದ ಮಾತು ನೆನಪಾಗಿ ಅವಳು ಅವನನ್ನು ಎಬ್ಬಿಸದೆ, ಚೀಟಿಯನ್ನು ಇದ್ದಂತೆಯೇ ತಿರುಗಿಸಿಟ್ಟು ಹೊರಬಂದಳು.

ಒಂಬತ್ತಕ್ಕೆ ಎಲ್ಲರೂ ಸೇರಿದರು. ಗ್ರೀನ್‌ಲ್ಯಾಂಡಿನಲ್ಲಿ ಮಂಜು ಕವಿದಿದೆ, ಮಧ್ಯಾಹ್ನ ಎರಡು ಗಂಟೆಗೆ ಮೊದಲು ಜೆಟ್‌ಗಳು ಹಾರುವಂತಿಲ್ಲ, ನಾಲ್ಕಕ್ಕೆ ಮತ್ತೆ ಕವಿಯುತ್ತದೆ ಎಂದು ತಂಡದ ನಾಯಕ ಹೇಳಿದ. ಎರಡು ಗಂಟೆ! ಅಂದರೆ ಅಂಟು ಒಣಗಿರುತ್ತದೆ. ಸೂಟ್ ಸಿದ್ಧವಾಗಿರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಸೀಟು ಅವಳದೇ.

ಆಗ ಪ್ರಾಥೆರೋ ಎದ್ದು ನಿಂತರು. ಕೈಯಲ್ಲಿ ಕೆಂಪು ಚೀಟಿಯ ಪ್ರತಿ.

"ಒಂದು ಪಟ್ಟಿ ಕೆಟ್ಟಿದೆ ಅಂದ್ರೆ ಅದರ ಜೊತೆ ಬಂದ ಹದಿನೇಳೂ ಕೆಟ್ಟಿರಬಹುದು. ಎಲ್ಲಾ ಸೂಟು ಬಿಚ್ಚಿ, ಗಾಳಿ ತುಂಬಿಸಿ ನೋಡ್ಬೇಕು. ಇವತ್ತು ಯಾರೂ ಹಾರಲ್ಲ," ಎಂದರು.

ಕೋಣೆಯಲ್ಲಿ ಗುಜುಗುಜು ಎದ್ದಿತು. ಇವತ್ತು ತಪ್ಪಿದರೆ ಮುಂದಿನ ನಾಲ್ಕು ದಿನ ಇಲ್ಲಿ ಬಿರುಗಾಳಿ, ಕೆನಡಾದ ಪ್ರದರ್ಶನ ಕೈತಪ್ಪಿದಂತೆಯೇ. ಆರನೇ ವಿಮಾನದ ಪೈಲಟ್ ಹ್ಯೂಗೋ ಪೆಂಬ್ರಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ ಎಂದು ಗೊಣಗಿದ.

ಮೊರ್ವೆನ್ನಾ ಫರ್ಗಸ್‌ನನ್ನು ನೋಡಿದಳು. ಅವನ ಮುಖ ಬಿಳಿಚಿತ್ತು. ಒಬ್ಬಳನ್ನು ಉಳಿಸಲು ಬರೆದ ಮೂರು ಪದ ಹದಿನೇಳು ಸೂಟುಗಳನ್ನು ನೆಲಕ್ಕೆ ಕೆಡವುತ್ತವೆ ಎಂಬುದು, ಆ ಕೆಲಸವನ್ನೇ ಉಸಿರಾಡುವ ಅವನಿಗೆ, ಆ ರಾತ್ರಿ ಹೊಳೆದಿರಲಿಲ್ಲ. ಅವನು ಬಾಯಿ ತೆರೆದ.

ಅವಳು ಮೊದಲೇ ಎದ್ದು ನಿಂತಳು.

"ಪಟ್ಟಿ ತಾನಾಗಿ ಕೆಟ್ಟಿಲ್ಲ, ಸರ್. ನಾನು ಕತ್ತರಿಸಿದ್ದೆ. ಮೇ ತಿಂಗಳಲ್ಲಿ, ಉಗುರಿನ ಕತ್ತರಿಯಲ್ಲಿ. ಬೇರೆ ಯಾವ ಸೂಟಿಗೂ ಏನೂ ಆಗಿಲ್ಲ."

ಪ್ರಾಥೆರೋ ಚೀಟಿಯ ಪ್ರತಿಯನ್ನು ಮೇಜಿನ ಮೇಲಿಟ್ಟರು.

"ಮೌಟ್, ಇದು ನಿಜಾನಾ?" ಎಂದರು ಪ್ರಾಥೆರೋ.

"ನಿಜ, ಸರ್. ರಬ್ಬರ್ ಕೆಟ್ಟಿದೆ ಅಂತ ಬರೆದಿದ್ದು ನನ್ನ ತಪ್ಪು." ಅವನು ಹಳೆಯ ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟ.

ಪ್ರಾಥೆರೋ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಇಬ್ಬರಿಗೂ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಅವಳತ್ತ ತಿರುಗಿದರು.

"ಇವತ್ತು ನೀನು ಸರಕು ವಿಮಾನದಲ್ಲಿ ಹೋಗ್ತೀಯ. ನಿನ್ನ ಸೀಟಲ್ಲಿ ಬದಲಿ ಮೆಕ್ಯಾನಿಕ್ ಕೂರ್ತಾಳೆ, ಅವಳದೇ ಹಳೇ ಸೂಟಲ್ಲಿ. ಕೆನಡಾಕ್ಕೆ ಯಾರು ಕೂರ್ಬೇಕು ಅಂತ ಗ್ರೀನ್‌ಲ್ಯಾಂಡಲ್ಲಿ ನೋಡ್ತೀನಿ. ತಪ್ಪು ಮಾಡಿದ್ದಕ್ಕೆ ಈ ಶಿಕ್ಷೆ, ಒಪ್ಪಿಕೊಂಡಿದ್ದಕ್ಕೆ ಇಷ್ಟೇ ಶಿಕ್ಷೆ. ಅರ್ಥ ಆಯ್ತಾ?"

"ಆಯ್ತು, ಸರ್."

ಅವಳು ಅಳಲಿಲ್ಲ. ಎಲ್ಲರೂ ಚದುರುವವರೆಗೂ ನಿಂತೇ ಇದ್ದಳು.

ಸರಕು ವಿಮಾನ ಜೆಟ್‌ಗಳಿಗಿಂತ ಮೊದಲೇ ಹೊರಟಿತು. ಕಿವಿ ಗವ್ವೆನ್ನುವ ಗದ್ದಲದಲ್ಲಿ, ಪೆಟ್ಟಿಗೆಗಳ ನಡುವೆ ಇಬ್ಬರೂ ಎದುರು ಬದುರು. ಎರಡು ಗಂಟೆ ಕಳೆಯಿತು. ಆಮೇಲೆ ಫರ್ಗಸ್ ಎದ್ದುಬಂದು ಪಕ್ಕದಲ್ಲಿ ಕೂತ. ಕಿವಿಯ ಹತ್ತಿರ ಬಾಗಿ ಕೇಳಿದ:

"ಯಾಕೆ ಹೇಳಿದೆ? ನಾನೇ ಹೇಳ್ತಿದ್ದೆ. ಬರೆದವನು ನಾನು."

"ಕತ್ತರಿಸಿದವಳು ನಾನು." ಅವಳು ತಿರುಗಿದಳು. "ರಾತ್ರಿ ಸೇಡು ಅಂದೆನಲ್ಲ... ಆಗ್ಲೇ ಹೇಳ್ಬಹುದಿತ್ತು ನೀನು, ಕತ್ತರಿ ನಿಂದೇ ಅಂತ."

"ನೀನು ಬಾಗಿಲು ಹಾಕಿದ ರಭಸಕ್ಕೆ ಸೋಪಿನ ನೀರೆಲ್ಲ ಚೆಲ್ತು. ಅದನ್ನ ಒರೆಸ್ತಾ ಇದ್ದೆ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಮಾರ್ಚಿನಲ್ಲಿ ಕೇಳದೇ ಬಿಟ್ಟ ಪ್ರಶ್ನೆಯನ್ನು ಈಗ ಕೇಳಿದಳು. ಯಾಕೆ ಹೋಗಬೇಡ ಅಂದೆ?

ಅವನು ಬೆರಳಿಗೆ ಮೆತ್ತಿದ ಅಂಟನ್ನು ಉಗುರಿನಿಂದ ಕೆರೆಯುತ್ತ ಹೇಳಿದ:

"ಹದಿನೆಂಟು ಸೂಟ್ ನೋಡ್ತೀನಿ, ವೆನ್ನಾ. ಹದಿನೇಳು ನೋಡುವಾಗ ಸೂಟ್ ಮಾತ್ರ ಕಾಣುತ್ತೆ. ನಿಂದು ನೋಡುವಾಗ ನೀರು ಕಾಣುತ್ತೆ."

ಅವಳು ಕಿವಿಯನ್ನು ಅವನ ಬಾಯಿಗೆ ಇನ್ನಷ್ಟು ಹತ್ತಿರ ತಂದಳು.

"ಹೋಗ್ಬೇಡ ಅಂದಿದ್ದು ತಪ್ಪು. ನಿನ್ನ ಸೀಟು ನಿಂದು. ನನ್ನ ಕೆಲಸ ಸೂಟು," ಎಂದ.

ಗ್ರೀನ್‌ಲ್ಯಾಂಡಿನ ನಾರ್ಸಾರ್ಸುಆಕ್‌ನಲ್ಲಿ ಇರುವುದು ಒಂದೇ ರನ್‌ವೇ. ಒಂದು ತುದಿಗೆ ಮಂಜುಗಡ್ಡೆ ತೇಲುವ ಕಡಲ ಕವಲು, ಇನ್ನೊಂದು ತುದಿಗೆ ಬೆಟ್ಟ. ತಪ್ಪಿದರೆ ಹತ್ತಿರದಲ್ಲಿ ಇಳಿಯಲು ಬೇರೆ ಜಾಗವಿಲ್ಲ. ಮೊರ್ವೆನ್ನಾ ರನ್‌ವೇ ಪಕ್ಕದಲ್ಲಿ ನಿಂತು ಬೆರಳು ಮಡಚುತ್ತ ಎಣಿಸಿದಳು. ಮೂರು... ಐದು... ಮೋಡದ ಅಡಿಯಿಂದ ಆರನೆಯದು ತೂರಿಬಂದಾಗ ಹಿಡಿದಿದ್ದ ಉಸಿರು ಬಿಟ್ಟಳು. ಒಂಬತ್ತೂ ಇಳಿದವು.

ಯಾರೂ ಹೇಳದಿದ್ದರೂ ಇಂಧನದ ಕೊಳವೆ ಎಳೆದುಕೊಂಡು ಓಡಿದಳು. ಗಾಳಿಗೆ ಕೈ ಮರಗಟ್ಟುತ್ತಿತ್ತು. ತನ್ನ ವಿಮಾನದ ಚಕ್ರ, ಎಣ್ಣೆ, ಎಂಜಿನ್ನಿನ ಬ್ಲೇಡುಗಳು, ಒಂದನ್ನೂ ಬಿಡದೆ ನೋಡಿದಳು. ಅವಳ ಸೀಟಿನಲ್ಲಿ ಕೂತು ಬಂದ ಹುಡುಗಿಯ ಬಳಿ ದಾರಿಯಲ್ಲಿ ಏನೇನು ಸದ್ದು ಕೇಳಿಸಿತೆಂದು ವಿಚಾರಿಸಿ ಬರೆದುಕೊಂಡಳು. ಮುಗಿಯುವಾಗ ರಾತ್ರಿ ಊಟದ ಹೊತ್ತು ಮೀರಿತ್ತು. ಯಾರೋ ಒಂದು ಬಟ್ಟಲು ಹಿಮಸಾರಂಗದ ಸಾರನ್ನು ರೆಕ್ಕೆಯ ಮೇಲಿಟ್ಟು ಹೋಗಿದ್ದರು. ಬಟ್ಟಲಿನ ಅಂಚಿನಲ್ಲಿ ಅಂಟಿನ ಕಲೆಯಿತ್ತು.

ಮರುದಿನ ಬೆಳಿಗ್ಗೆ ಪ್ರಾಥೆರೋ ಅವಳ ಮುಂದೆ ನಿಂತರು. ಅವಳು ಬರೆದಿದ್ದ ಹಾಳೆಯನ್ನು ಓದಿದರು. ಮಡಚಿ ಜೇಬಿಗಿಟ್ಟುಕೊಂಡರು.

"ಹಿಂದಿನ ಸೀಟು ಖಾಲಿ ಇದೆ. ಹೋಗಿ ಸೂಟ್ ಹಾಕ್ಕೋ," ಎಂದಷ್ಟೇ ಹೇಳಿ ನಡೆದರು.

ಫರ್ಗಸ್ ಸೂಟ್ ಹಿಡಿದು ಕಾಯುತ್ತಿದ್ದ. ಜಿಪ್ಪಿಗೆ ಹಸಿರು ಚೀಟಿ. ಹೊಸ ಪಟ್ಟಿಯನ್ನು ಅವನೇ ಅವಳ ಕೊರಳಿಗೆ ಅಳತೆ ಮಾಡಿ, ತನ್ನ ಕತ್ತರಿಯಿಂದ ಅಂಚು ತೆಗೆದಿದ್ದ. ಈಗ ಅದು ಬಿಗಿ, ಆದರೆ ಉಸಿರು ಕಟ್ಟುವುದಿಲ್ಲ.

"ಕುಕ್ಕರುಗಾಲಲ್ಲಿ ಕೂತ್ಕೋ," ಎಂದ.

ಕೂತಳು. ಅವನೂ ಎದುರಿಗೆ ಕೂತ. ಸೂಟಿನೊಳಗೆ ಉಳಿದ ಗಾಳಿಯನ್ನು ಹೊರಗೆ ಬಿಡಬೇಕು, ಅದು ಕ್ರಮ. ಅವನ ಬೆರಳು ಕೊರಳಪಟ್ಟಿಯನ್ನು ಮೆಲ್ಲಗೆ ಬಿಡಿಸಿತು.

ಸುಯ್ಯ್...

ಅದೇ ಸದ್ದು. ಇಬ್ಬರೂ ಒಟ್ಟಿಗೆ ನಕ್ಕರು. ಗಾಳಿಯೆಲ್ಲ ಹೋಯಿತು. ಬೆರಳು ಮಾತ್ರ ಹೋಗಲಿಲ್ಲ.

"ವೆನ್ನಾ, ನಂಗೆ ನಿನ್ನ ಮೇಲೆ ಪ್ರೀತಿ. ಇದನ್ನ ಯಾವ ಚೀಟಿಯಲ್ಲಿ ಬರೀಬೇಕು ಅಂತ ಗೊತ್ತಿಲ್ಲ."

"ಎಲ್ಲೂ ಬರೀಬೇಡ. ನೀನು ಬರೆದ್ರೆ ಹದಿನೇಳು ಜನಕ್ಕೆ ತೊಂದರೆ." ಅವಳು ಹಣೆಯನ್ನು ಅವನ ಹಣೆಗೆ ತಾಗಿಸಿದಳು. "ನಂಗೂ ಅಷ್ಟೇ. ಚಳಿಗಾಲದಿಂದ."

ಹೊರಗೆ ಎಂಜಿನ್ ಒಂದು ಎದ್ದಿತು.

"ಕೆನಡಾದಲ್ಲಿ ಈ ಪಟ್ಟಿ ಯಾರು ಬಿಚ್ತಾರೆ?"

"ನಾನೇ. ಆದ್ರೆ ಇವತ್ತು ಸರಕು ವಿಮಾನ ನಿಮ್ಮ ಹಿಂದೆ ಬರೋದು. ಕಾಯ್ಬೇಕಾಗುತ್ತೆ."

"ಏಳು ವರ್ಷ ಕಾದವಳಿಗೆ ಎರಡು ಗಂಟೆ ಏನು ಮಹಾ," ಎಂದು ಅವಳು ಎದ್ದಳು.

ಜೆಟ್ ಕಡಲ ಕವಲಿನ ಮೇಲೆ ಏರಿತು. ಕೆಳಗೆ ಮಂಜುಗಡ್ಡೆಗಳು ಚೆಲ್ಲಿದ ಸಕ್ಕರೆಯ ಹರಳುಗಳಂತೆ ಸಣ್ಣದಾದವು. ಆಮೇಲೆ ಬರೀ ನೀರು. ಅವಳು ನೀರನ್ನು ನೋಡಿದಳು, ಕಣ್ಣು ತಪ್ಪಿಸಲಿಲ್ಲ. ಕೊರಳಿನ ಬಿಗಿ ಇನ್ನೂ ಅವನ ಬೆರಳಿನಂತೆಯೇ ಇತ್ತು.

ಮುಂದಿನ ಸೀಟಿನಿಂದ ಹ್ಯೂಗೋನ ದನಿ ಕಿವಿಗೆ ಬಂತು.

"ಟ್ರೆಗಿಯರ್, ಸೂಟ್ ಕೋಣೇಲಿ ಅಷ್ಟು ಹೊತ್ತು ಏನು ನಡೀತಿತ್ತು?"

"ಗಾಳಿ ಬಿಡ್ತಿದ್ವಿ, ಸರ್."

"ಅದಕ್ಕೆ ಈ ನಗುವಾ?"

"ಹಿಂದಿನ ಸೀಟು ನಿಮಗೆ ಕಾಣಲ್ಲ, ಸರ್."

"ಕನ್ನಡಿ ಇದೆ, ತಾಯಿ."

ಅವಳು ಮುಖದ ಕಪ್ಪು ಗಾಜನ್ನು ಕೆಳಗೆಳೆದುಕೊಂಡಳು. ಕತ್ತರಿಯ ವಿಷಯವನ್ನು ಇಡೀ ತಂಡದೆದುರು ಹೇಳಿದ್ದಾಗಿತ್ತು, ಅದು ಎಲ್ಲರಿಗೂ ಸೇರಿದ್ದು. ಇದು ಮಾತ್ರ... ಹ್ಯೂಗೋ ಎಷ್ಟೇ ಕೆಣಕಲಿ, ಕೆನಡಾ ತಲುಪಿದ ಮೇಲೂ, ಮನೆಗೆ ಮರಳಿದ ಮೇಲೂ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.