ಅರ್ಧಕ್ಕೆ ಕಡಿದ ಕರೆ

"ಸುಗಲಮ್ಮ, ಅಂಜಬ್ಯಾಡವಾ. ರಕ್ತ ನಿಂತೈತೇನು? ಅದಷ್ಟು ಹೇಳು..."

ವತ್ಸಲಾಳ ಕಿವಿಯ ಹೆಡ್‌ಫೋನಿನಲ್ಲಿ ಗೊರಗೊರ ಸದ್ದು. ಅದರ ನಡುವೆ ತೇಲಿ ಮುಳುಗುವ ಒಂದು ಹೆಣ್ಣುದನಿ.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಹೆಡ್‌ಫೋನ್ ತೆಗೆಯದೆಯೇ ಬಾಗಿಲು ತೆರೆದಳು. ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡ ಯುವಕನೊಬ್ಬ ನಿಂತಿದ್ದ.

"ನೆಟ್ ಕಂಪ್ಲೇಂಟ್ ಕೊಟ್ಟಿದ್ರಲ್ರಿ, ನಾ ಹುಲಗೇಶ..."

ಅವಳು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದಳು. ಆ ಬೆರಳು ನಡುಗುತ್ತಿತ್ತು. ಅವನು ಅದನ್ನು ನೋಡಿದ. ಸದ್ದಿಲ್ಲದೆ ಚಪ್ಪಲಿ ಬಿಟ್ಟು ಒಳಗೆ ಬಂದ.

ಕುಷಾಯಿಗೂಡದ ಆ ಮನೆಯ ಪುಟ್ಟ ಕೋಣೆಯೇ ವತ್ಸಲಾಳ ಆಫೀಸು. ನರ್ಸಿಂಗ್ ಓದಿದ್ದ ಅವಳು ಬಸುರಿಯರ ಸಹಾಯವಾಣಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಆ ತೆಲುಗು ನಗರಕ್ಕೆ ದುಡಿಯಲು ಬಂದ ಕನ್ನಡದ ಹೆಣ್ಣುಮಕ್ಕಳ ಕರೆಗಳೆಲ್ಲ ಇಂಟರ್‌ನೆಟ್ ಮೂಲಕ ಅವಳಿಗೇ ಬರುತ್ತಿದ್ದವು. ಆದರೆ ಒಂದು ತಿಂಗಳಿಂದ ಮನೆಯ ವೈಫೈ ಕೈಕೊಡುತ್ತಿತ್ತು. ಮಾತುಗಳು ತುಂಡಾಗಿ ಬರುತ್ತಿದ್ದವು.

"ಪಟಾನ್‌ಚೆರು ಅಂದಿ. ಕೂಲಿ ಮಂದಿ ಶೆಡ್ಡು... ನೀರಿನ ಟಾಕಿ ಹಿಂದೇನು? ಗಂಡ ಕೆಲಸಕ್ಕ ಹೋಗ್ಯಾನ? ಒಬ್ಬಾಕೀನ ಇದ್ದೀಯಾ? ಸುಗಲಮ್ಮ, ರಕ್ತ ನಿಂತೈತೇನವಾ?"

"ಅಕ್ಕಾ... ರಕ್ತ... ನಿಂತಿ..."

ಕಟ್!

ನಿಂತಿತು ಅಂದಳೋ? ನಿಂತಿಲ್ಲ ಅಂದಳೋ?! ಏಳು ತಿಂಗಳ ಬಸುರಿ... ದೇವರೇ!

ಗಕ್ಕನೆ ತಿರುಗಿದಳು. ಅಲ್ಮೇರಾದ ಹಿಂದೆ ಬಗ್ಗಿದ್ದ ಹುಲಗೇಶನ ಕೈ ವೈಫೈ ಡಬ್ಬಿಯ ಮೇಲಿತ್ತು.

"ಏನ್ ಮಾಡಿದ್ರಿ ನೀವು?! ಯಾಕ್ ಕಟ್ ಮಾಡಿದ್ರಿ?"

"ನಾ ಏನೂ ಮಾಡಿಲ್ರೀ, ಈಗಿನ್ನ ನೋಡಾಕ..."

"ಅಲ್ಲೊಂದು ಜೀವ ಹೋಗಾಕತ್ತೈತಿ! ಹೊರಗ ನಡೀರಿ!"

ಅವನು ಜೇಬಿನಿಂದ ಫೋನ್ ತೆಗೆಯುತ್ತ, ಚಪ್ಪಲಿ ಮೆಟ್ಟಲೂ ಮರೆತು ಮೆಟ್ಟಿಲಿಳಿದು ಓಡಿದ.

ತಪ್ಪು ಮಾಡಿ ಓಡಿಹೋದ... ಹೇಡಿ!

ಸುಗಲಮ್ಮನ ನಂಬರಿಗೆ ಮತ್ತೆ ಮತ್ತೆ ಹಚ್ಚಿದಳು. ಮೊದಲು ಯಾರೂ ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್. ಆಂಬ್ಯುಲೆನ್ಸಿಗೆ ಹೇಳಿದಳು. ಅರ್ಧ ತಾಸಿನ ಮೇಲೆ, ಹೇಳಿದ ಜಾಗದಲ್ಲಿ ಅಂಥವರು ಯಾರೂ ಇಲ್ಲವೆಂದು ಉತ್ತರ ಬಂತು.

ಯಾರೂ ಇಲ್ಲ ಅಂದರೆ? ಎಲ್ಲಿಗೆ ಹೋದಳು? ಯಾರು ಒಯ್ದರು?

ಅದೇ ಸಿಟ್ಟಿನಲ್ಲಿ ಹುಲಗೇಶನ ಕಂಪನಿಗೆ ದೂರು ಕೊಟ್ಟಳು. ಕೆಳಗಿನ ವಾಚ್‌ಮನ್‌ಗೂ ಹೇಳಿದಳು, "ಆ ವೈರಿನವನು ಬಂದ್ರೆ ಒಳಗ ಬಿಡಬ್ಯಾಡ."

ಮುಂದಿನ ಎಂಟು ದಿನ ಅವಳು ಅನ್ನ ತಿಂದಳೋ ಭಯ ತಿಂದಳೋ! ಪ್ರತಿ ಕರೆಗೂ ಮೊದಲು ನಂಬರು ನೋಡುತ್ತಿದ್ದಳು. ಕಂಪನಿಯ ಬೇರೊಬ್ಬ ಬಂದು, ಡಬ್ಬಿ ಆರಿಸಿ ಹಚ್ಚಿ, ಎಲ್ಲ ಸರಿಯಿದೆ ಎಂದು ಹೋದ. ಏನೂ ಸರಿಯಿರಲಿಲ್ಲ.

ಒಂಬತ್ತನೆಯ ದಿನ ಹೊಸ ನಂಬರಿನಿಂದ ಕರೆ ಬಂತು.

"ಅಕ್ಕಾ... ನಾ ಸುಗಲಮ್ಮರಿ..."

ವತ್ಸಲಾ ಕುರ್ಚಿಯಿಂದ ಎದ್ದೇಬಿಟ್ಟಳು. "ಇದ್ದೀಯಾ?! ಕೂಸು... ಹೊಟ್ಟ್ಯಾಗಿನ ಕೂಸು?"

"ಒದಿಯಾಕತ್ತೈತ್ರಿ! ದವಾಖಾನ್ಯಾಗ ಇಟಗೊಂಡಿದ್ರು, ಇವತ್ತ ಬಿಟ್ರು. ಫೋನು ಆ ಗದ್ದಲದಾಗ ಕಳದಿತ್ತು. ನಿಮ್ಮ ಆ ವೈರಿನ ಅಣ್ಣ ನಿಮ್ಮ ಮಾತು ಕೇಳಿಸ್ಕೊಂಡು ತನ್ನ ಅಕ್ಕಗ ಫೋನ್ ಮಾಡಿದ್ನಂತ. ಗೋದಾಬಾಯಿ, ನಮ್ಮ ಬಾಜೂ ಶೆಡ್ಡಿನಾಕಿ. ಆಕೀನ ನನ್ನ ಆಟೋದಾಗ ಹಾಕ್ಕೊಂಡು ಒಯ್ದ್ಳು. ಆ ಅಣ್ಣ ಹಿಂದಿಂದ ಬಂದು ರಕ್ತ ಕೊಟ್ಟಾನ್ರಿ. ನಿಮ್ಮ ಮನೀಗೆ ಹೇಳಾಕ ಬಂದ್ರ, ಯಾರೋ ಗೇಟಿನಾಗ ತಡದ್ರಂತ..."

ಪಕ್ಕದ ಮನೆಯಲ್ಲಿ ಯಾರೋ ಮಿಕ್ಸರ್ ಹಚ್ಚಿದರು. ವತ್ಸಲಾಳ ಕಣ್ಣಲ್ಲಿ ನೀರು ತುಂಬಿ ಕಂಪ್ಯೂಟರಿನ ಪರದೆ ಕಾಣದಾಯಿತು.

ಅವನು ಓಡಿದ್ದು ತಪ್ಪಿಸಿಕೊಳ್ಳಲು ಅಲ್ಲ... ನಾನು? ನಾನು ಅವನ ಹೊಟ್ಟೆಯ ಮೇಲೆ ಹೊಡೆದೆ!

ಅಂದೇ ಕಂಪನಿಗೆ ಫೋನ್ ಮಾಡಿದಳು. ಕೆಲಸದ ನಡುವೆ ಬಿಟ್ಟು ಹೋದನೆಂದು, ಗಿರಾಕಿ ದೂರು ಕೊಟ್ಟರೆಂದು ಅವನನ್ನು ಮನೆಗೆ ಕಳಿಸಿದ್ದರು. ವತ್ಸಲಾ ನಡೆದದ್ದೆಲ್ಲ ಬರೆದುಕೊಟ್ಟಳು. ದೂರು ಹಿಂದಕ್ಕೆ ಪಡೆದು, ಅವನನ್ನೇ ಮತ್ತೆ ಕಳಿಸಿರೆಂದು ಕೇಳಿದಳು; ವಾಚ್‌ಮನ್‌ಗೂ ಅವನನ್ನು ತಡೆಯಬೇಡವೆಂದಳು.

ಬರುತ್ತಾನೋ? ಬಂದರೂ ಮುಖ ನೋಡುತ್ತಾನೋ?

ಮೂರನೆಯ ದಿನ ಮಧ್ಯಾಹ್ನ ಹುಲಗೇಶ ಬಂದ. ಅದೇ ವೈರಿನ ಸುರುಳಿ. ಮುಖ ಮಾತ್ರ ಇಳಿದಿತ್ತು.

"ತಪ್ಪಾತ್ರಿ," ಎಂದಳು ವತ್ಸಲಾ.

"ಇರ್ಲಿ ಬಿಡ್ರಿ. ನಿಮ್ಮ ಜಾಗದಾಗ ನಾ ಇದ್ರೂ ಹಂಗ ಒದರ್ತಿದ್ದೆ." ಅವನು ಸಣ್ಣಗೆ ನಕ್ಕ. "ಮೊದಲ ಇದರ ರೋಗ ಹುಡುಕೋಣು."

ಡಬ್ಬಿ ಕಬ್ಬಿಣದ ಅಲ್ಮೇರಾದ ಹಿಂದಿತ್ತು. ಧೂಳಾಗದಿರಲೆಂದು ವತ್ಸಲಾಳ ತಾಯಿ ಜಯಮ್ಮ ಅದಕ್ಕೊಂದು ಉಲ್ಲನ್ನಿನ ಟೊಪ್ಪಿಗೆ ಬೇರೆ ಹೆಣೆದು ಹಾಕಿದ್ದರು! ಗೋಡೆಯಾಚೆ ಅಡುಗೆಮನೆಯ ಮೈಕ್ರೋವೇವ್.

"ಅವ್ವಾರ, ಅವತ್ತ ನಾ ಬಂದಾಗ ಇದರಾಗ ಏನರ ಬಿಸಿ ಮಾಡಿದ್ರೇನು?"

"ನಿನಗ ಅಂತನ ಚಹಾಕ್ಕ ಹಾಲು ಇಟ್ಟಿದ್ನೆಪ್ಪ," ಎಂದರು ಜಯಮ್ಮ.

"ಅದು ಚಾಲೂ ಆದ್ರ ವೈಫೈಗೆ ಅಡ್ಡ ಬರ್ತೈತ್ರಿ. ಮತ್ತ ಈ ಕಬ್ಬಿಣ ಬ್ಯಾರೆ."

ಜಯಮ್ಮ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟರು.

ಅವನು ಡಬ್ಬಿಯನ್ನು ನಡುಮನೆಯ ಗೋಡೆಗೆ ಎತ್ತರದಲ್ಲಿ ಕೂರಿಸಿದ. ಅಲ್ಲಿಂದ ವತ್ಸಲಾಳ ಕಂಪ್ಯೂಟರಿಗೆ ನೇರ ವೈರ್ ಎಳೆದ. ಮನೆಯಲ್ಲಿ ಯಾರು ಏನೇ ನೋಡುತ್ತಿದ್ದರೂ ಅವಳ ಕರೆಗೇ ಮೊದಲು ದಾರಿ ಸಿಗುವಂತೆ ಸೆಟ್ಟಿಂಗ್ ಬದಲಿಸಿದ.

"ನಾ ಮಾಳಗಿ ಮ್ಯಾಲ ಹೋಗ್ತೀನಿ. ನನ್ನ ಫೋನಿಗೆ ಕಾಲ್ ಮಾಡ್ರಿ. ಐದು ನಿಮಿಷ ಬಿಡದ ಮಾತಾಡಬೇಕು, ಅಂದ್ರ ಗೊತ್ತಾಕ್ಕೈತಿ."

ಕರೆ ಹೋಯಿತು.

"ಸ್ವಚ್ಛ ಕೇಳಾಕತ್ತೈತ್ರಿ. ಮಾತಾಡ್ರಿ."

"ಏನ್ ಮಾತಾಡ್ಲಿ?"

"ಏನರ..."

ಅವನ ಉಸಿರೂ ಕೇಳುತ್ತಿತ್ತು. ಅಂಗಿಗೆ ಬಡಿಯುವ ಗಾಳಿಯೂ. ಹೇಳಲೇ? ನಕ್ಕುಬಿಟ್ಟರೆ? ವತ್ಸಲಾ ಕಣ್ಣು ಮುಚ್ಚಿದಳು.

"ಸುಗಲಮ್ಮ ಉಳದಾಳೋ ಇಲ್ಲೋ ಅಂತ ಎಂಟು ದಿನ ಅಂಜಿದೆ. ಆಮ್ಯಾಲ ನೀವು ಬರ್ತೀರೋ ಇಲ್ಲೋ ಅಂತ ಅಂಜಿದೆ. ಈಗ... ಕೆಲಸ ಮುಗೀತಂತ ನೀವು ಹೋಗಿಬಿಡ್ತೀರಲ್ಲ, ಅದಕ್ಕ ಎಲ್ಲಾದಕ್ಕಿಂತ ಭಾಳ ಅಂಜಿಕಿ ಆಗಾಕತ್ತೈತ್ರಿ."

ಆ ಕಡೆಯಿಂದ ಸದ್ದಿಲ್ಲ.

ಒಂದು... ಎರಡು... ಮೂರು ಕ್ಷಣ.

"ಹಲೋ? ಕಟ್ ಆತೇನ್ರಿ?"

"ಇಲ್ರಿ..." ದನಿ ಒದ್ದೆಯಾಗಿತ್ತು. "ಲೈನ್ ಚಲೋ ಐತ್ರಿ. ನನ್ನ ಗಂಟಲಾ ಕಟ್ಟೈತಿ."

ಅವಳು ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ಮುಖಾನ ನೋಡಿರದ ಹೆಣ್ಣಮಗಳ ಸಲುವಾಗಿ ಅವತ್ತ ನಿಮ್ಮ ಕೈ ನಡಗತಿತ್ತು. ಇಂಥಾಕಿ ನನ್ನ ಬಾಳಿನಾಗ ಇರಬೇಕು ಅಂತ ಓಡೂ ಮುಂದನ ಅನಸಿತ್ರಿ. ಬೈಸಿಕೊಂಡರೂ ಅನಸಿತ್ತು." ಸ್ವಲ್ಪ ತಡೆದ. "ನಮ್ಮ ಅಕ್ಕನ ಕರಕೊಂಡು ಬರ್ಲೇನ್ರಿ, ನಿಮ್ಮವ್ವಾರ ಕೂಡ ಮಾತಾಡಾಕ?"

"ಬರ್ರಿ," ಎಂದಳು. ಅಳುತ್ತಿದ್ದಳು, ನಗುತ್ತಿದ್ದಳು.

"ನಿಮ್ಮವ್ವಾರು ಏನಂತಾರೋ ಅಂತ ನನಗ ಅಂಜಿಕಿ ಐತಿ ಮತ್ತ..."

"ನನಗೂ ಐತ್ರಿ. ಕೆಳಗ ಬರ್ರಿ... ಇಬ್ಬರೂ ಕೂಡೇ ಅಂಜೋಣು."